ಕೂತು ಇಳಿದ ಬೆಟ್ಟ

ಪ್ರವಾಸ ಎಲ್ಲಿಗೆ ಹೋಗೋಣ ಎಂದು ಕೇಳಿದ್ದೇ ತಡ, ಐದನೇ ತರಗತಿಯ ಇಪ್ಪತ್ತೆರಡು ಮಕ್ಕಳೂ ಒಂದೇ ಉಸಿರಿಗೆ ಕೂಗಿದ್ದು ಬಿಡದಿಯ ವಂಡರ್‌ಲಾ ಹೆಸರನ್ನು. ಟಿ.ವಿ.ಯಲ್ಲಿ ಕಂಡ ನೀರಿನ ಜಾರುಬಂಡೆ ಅವರ ಕಣ್ಣಲ್ಲಿ ಕುಣಿಯುತ್ತಿತ್ತು. ಆ ವರ್ಷ ಮಳೆ ಕೈಕೊಟ್ಟು ಕಡ್ಲೆಕಾಯಿ ಹೊಲದಲ್ಲೇ ಒಣಗಿತ್ತು. ಬಸ್ಸಿನ ಬಾಡಿಗೆ, ಟಿಕೆಟ್ಟು ಎಂದು ಮನೆಮನೆಯಲ್ಲಿ ಕೈಚಾಚಲು ನನಗೆ ಮನಸ್ಸು ಬರಲಿಲ್ಲ. "ಅದಕ್ಕಿಂತ ದೊಡ್ಡ ಜಾರುಬಂಡೆ ನಮ್ಮ ತಾಲ್ಲೂಕಲ್ಲೇ ಇದೆ, ಬನ್ನಿ" ಎಂದೆ.

ಜನವರಿಯ ಒಂದು ಶನಿವಾರ ಇನ್ನೂ ಕತ್ತಲಿರುವಾಗಲೇ ಐ.ಡಿ.ಹಳ್ಳಿ ಬಿಟ್ಟೆವು. ಊರಿನ ಪೂರ್ತಿ ಹೆಸರು ಇಟಕದಿಬ್ಬನಹಳ್ಳಿ. ಬಸ್ಸಿನ ಬೋರ್ಡು ಅದನ್ನು ಮೊಟಕು ಮಾಡಿದೆ. ಆಂಧ್ರದ ಮಡಕಶಿರಾ ಸೀಮೆ ಪಕ್ಕದಲ್ಲೇ ಇರುವುದರಿಂದ ನನ್ನ ತರಗತಿಯ ಹಲವು ಮಕ್ಕಳು ಮನೆಯಲ್ಲಿ ಆಡುವುದು ತೆಲುಗು. ಶಾಲೆಯ ಗೇಟು ದಾಟಿದರೆ ಕನ್ನಡ. ಬುತ್ತಿಯಲ್ಲಿ ಮಾತ್ರ ಯಾವ ಗಡಿಯೂ ಇರಲಿಲ್ಲ. ಎಲ್ಲರ ಡಬ್ಬಿಯಲ್ಲೂ ಚಿತ್ರಾನ್ನ.

ಮಧುಗಿರಿ ಹತ್ತಿರವಾದಂತೆ ಬೆಟ್ಟ ಕಂಡಿತು. ಮಕ್ಕಳ ಗದ್ದಲ ನಿಂತೇ ಹೋಯಿತು. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಒಂದೇ ಕಲ್ಲು. ಏಷ್ಯಾದಲ್ಲಿ ಎರಡನೇ ದೊಡ್ಡ ಏಕಶಿಲೆ ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಜೇನು ಕಟ್ಟುವ ಬೆಟ್ಟವಾದ್ದರಿಂದ ಮಧುಗಿರಿ ಎಂಬ ಮಾತಿದೆ. ಕೂಗಬೇಡಿ, ಕಲ್ಲು ಎಸೆಯಬೇಡಿ ಎಂದು ನಾನು ಮೂರು ಸಲ ಹೇಳಿದ್ದೂ ಅದಕ್ಕೇ.

ಮೊದಮೊದಲು ಮೆಟ್ಟಿಲು, ಬಾಗಿಲು, ಮತ್ತೆ ಮೆಟ್ಟಿಲು. ಹಿರೇಗೌಡನೆಂಬ ಪಾಳೆಯಗಾರ ಕಟ್ಟಿಸಿದ ಕೋಟೆಯನ್ನು ಹೈದರಾಲಿ ಬಲಪಡಿಸಿದ. ಒಂದು ಬಾಗಿಲಿನ ನೆರಳಲ್ಲಿ ಮಕ್ಕಳನ್ನು ಕೂರಿಸಿ ಬಿದನೂರಿನ ರಾಣಿ ವೀರಮ್ಮಾಜಿಯ ಕಥೆ ಹೇಳಿದೆ. 1763ರಲ್ಲಿ ಬಿದನೂರು ಗೆದ್ದ ಹೈದರ್ ಅವಳನ್ನು ಇಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಬಂದು ಬಿಡಿಸುವವರೆಗೆ ಈ ಕಲ್ಲೇ ಅವಳಿಗೆ ಸೆರೆಮನೆ. ಪಾಠದ ಹೊತ್ತಿನಲ್ಲಿ ಕಿಟಕಿ ನೋಡುವ ಹುಡುಗರೂ ಅಂದು ಕಣ್ಣು ಮಿಟುಕಿಸಲಿಲ್ಲ.

ಅಲ್ಲಿಂದ ಮೇಲೆ ಮೆಟ್ಟಿಲಿಲ್ಲ. ಬಂಡೆಯಲ್ಲಿ ಉಳಿಯಿಂದ ಕೊರೆದ ಹೆಜ್ಜೆಗುಳಿಗಳು, ಅಲ್ಲಲ್ಲಿ ಕಬ್ಬಿಣದ ಕಂಬಿ. ಚಪ್ಪಲಿ ಬಿಚ್ಚಿಸಿ ಚೀಲಕ್ಕೆ ಹಾಕಿಸಿದೆ. ಬರಿಗಾಲಿಗೆ ಕಲ್ಲು ಕೊಡುವ ಹಿಡಿತವನ್ನು ರಬ್ಬರು ಕೊಡದು. ಕುರಿ ಮೇಯಿಸುವ ಮನೆಯ ಇಬ್ಬರು ಹುಡುಗರು ಯಾರೂ ಹೇಳಿಕೊಡದೆಯೇ ಮೈ ಬಾಗಿಸಿ, ಅಡ್ಡಹೆಜ್ಜೆ ಹಾಕಿ ಹತ್ತಿದರು. ಸ್ವಲ್ಪ ದೂರ ಹೋಗಿ, ಗೋಡೆಯಿದ್ದ ಒಂದು ಸಮತಟ್ಟಿನಲ್ಲಿ ನಿಲ್ಲಿಸಿದೆ. ತುದಿಗೆ ಹೋಗಲು ಗೋಗರೆದರು. ಹತ್ತು ವರ್ಷದ ಕಾಲುಗಳಿಗೆ ಅಷ್ಟು ಸಾಕು ಎಂದು ನಾನು ಹಿಂದಿನ ವಾರವೇ ಹತ್ತಿ ನೋಡಿ ನಿರ್ಧರಿಸಿದ್ದೆ. ಕೆಳಗೆ ಊರು, ಕೆರೆ, ಹುಣಸೆ ಮರಗಳ ಚುಕ್ಕಿ. ನಮ್ಮೂರು ಯಾವ ದಿಕ್ಕಿಗೆ ಎಂದು ಜಗಳವೇ ನಡೆಯಿತು.

ನಿಜವಾದ ಪ್ರವಾಸ ಶುರುವಾದದ್ದು ಇಳಿಯುವಾಗ. ಹತ್ತುವಾಗ ಕಲ್ಲು ಮುಖಕ್ಕಿರುತ್ತದೆ, ಇಳಿಯುವಾಗ ಬಯಲು. ಎಲ್ಲರಿಗಿಂತ ಮುಂದೆ ಹತ್ತಿದ್ದ ಹುಡುಗಿ ಕಂಬಿ ಹಿಡಿದವಳು ಬಿಡಲೇ ಇಲ್ಲ. ತರಗತಿಯಲ್ಲಿ ಒಂದು ತೆಲುಗು ಪದವನ್ನೂ ಆಡದವಳು, ನಾನು ಹತ್ತಿರ ಹೋದರೆ, "ಪಡಿಪೋತಾ ಮಿಸ್, ಪಡಿಪೋತಾ" ಎಂದು ನಡುಗುತ್ತಿದ್ದಳು. ಬಿದ್ದುಹೋಗ್ತೀನಿ ಎನ್ನುತ್ತಿದ್ದಾಳೆ. ನನ್ನ ಕನ್ನಡದ ಸಮಾಧಾನ ಅವಳವರೆಗೆ ತಲುಪಲಿಲ್ಲ. "ಏಮೀ ಕಾದಮ್ಮಾ, ಕೂಚೋ" ಎಂದೆ. ಕೂತಳು. ನಾನೂ ಅವಳ ಮುಂದಿನ ಗುಳಿಯಲ್ಲಿ ಕೂತೆ. ಕಾಲು ಚಾಚು, ಅಂಗೈ ಊರು, ಸರಿ. ಮತ್ತೆ ಕಾಲು ಚಾಚು. ಬಿಸಿಯೇರುತ್ತಿದ್ದ ಬಂಡೆಯ ಮೇಲೆ ಗೇಣು ಗೇಣಾಗಿ ಇಳಿದೆವು. ಹಿಂದೆ ನಿಂತಿದ್ದ ಹುಡುಗರು ನಗಬಹುದೆಂದು ಅಳುಕಿತ್ತು. ತಿರುಗಿ ನೋಡಿದರೆ ಅವರೂ ಒಬ್ಬೊಬ್ಬರಾಗಿ ಕೂತು ಜಾರುತ್ತಿದ್ದರು, ಕುರಿಮನೆಯ ಹುಡುಗರೂ ಸೇರಿ.

ಬುಡದಲ್ಲಿ ಚಪ್ಪಲಿ ಮೆಟ್ಟಿಕೊಂಡು, ಲಂಗದ ಮಣ್ಣು ಕೊಡವಿಕೊಂಡು, ಅವಳು ಮೇಲೆ ನೋಡಿದಳು. ಮಾತು ಮತ್ತೆ ಕನ್ನಡಕ್ಕೆ ಬಂದಿತ್ತು.

"ಮಿಸ್, ಆ ರಾಣೀನೂ ಕೂತ್ಕೊಂಡೇ ಇಳಿದ್ರಾ?"

"ಕೂತೇ ಇಳಿದಿರಬೇಕು ಕಣೇ" ಎಂದೆ.