ನಮ್ಮ ಕಡಿ ಸ್ವಾತಂತ್ರ್ಯ ಯಾವಾಗ ಬಂತು?

ಸಾಲಿ ಪುಸ್ತಕದಾಗ ಕೆಲವು ಮಾತು ಎಷ್ಟು ಗಟ್ಟಿ ಕುಂತಾವಂದ್ರ ಅವನ್ನ ಯಾರೂ ಅಲುಗಾಡಸಂಗಿಲ್ಲ. 1947ರ ಆಗಸ್ಟ್ 15ಕ್ಕ ನಮಗ ಸ್ವಾತಂತ್ರ್ಯ ಬಂತು ಅನ್ನೋದು ಅಂಥಾದ್ದೊಂದು ಮಾತು. ದೇಶದ ಲೆಕ್ಕದಾಗ ಅದು ಖರೇನೇ. ಆದ್ರ ನಮ್ಮ ಕಡೇಚೂರಿಗಿ, ಯಾದಗಿರಿಗಿ, ಶಹಾಪುರ, ಸುರಪುರಕ್ಕ ಅದು ಖರೇ ಅಲ್ಲ ನೋಡ್ರಿ. ಅವತ್ತ ದಿಲ್ಲಿಯಾಗ ಬಾವುಟ ಏರಿದಾಗ ನಮ್ಮ ಮಂದಿ ಇನ್ನಾ ಹೈದರಾಬಾದ್ ನಿಜಾಮನ ಪ್ರಜೆಗಳೇ ಇದ್ರು. ನಮಗ ಆ ದಿನ ಬಂದದ್ದು 1948ರ ಸೆಪ್ಟೆಂಬರ್ 17ಕ್ಕ, ಹದಿಮೂರು ತಿಂಗಳ ಮ್ಯಾಲ ಎರಡು ದಿನ ತಡ ಆಗಿ.

ನಮ್ಮ ಹಿರ್ಯಾರಿಗಿ ಇದನ್ನ ಯಾರೂ ಕಲಿಸಬೇಕಾಗಿದ್ದಿಲ್ಲ. ನಮ್ಮತ್ತಿ ಈಗೂ ನಮ್ಮ ಸೀಮಿಗಿ ಮೊಗಲಾಯಿ ಅಂತಾರ. ಅವರ ಅವ್ವನ ಗಂಟಿನಾಗ ಎರಡು ಹಾಲಿ ಸಿಕ್ಕಾ ರೂಪಾಯಿ ಇದ್ದುವು. ಅವು ನಿಜಾಮನ ರೊಕ್ಕ, ಇಂಗ್ರೇಜರ ರೂಪಾಯಿ ಬ್ಯಾರೆ. ಆಧಾರ್ ಮಾಡ್ಸಾಕ ಹೋದಾಗ ಹುಟ್ಟಿದ ತಾರೀಖು ಕೇಳಿದ್ರ, "ರಜಾಕಾರರ ಹಾವಳಿ ಮುಗ್ಯಾಗ ನಾ ತೊಟ್ಟಲದಾಗ ಇದ್ನಂತ, ನೀವೇ ಲೆಕ್ಕ ಹಾಕ್ರಿ" ಅಂದ್ರು. ಆ ಹುಡುಗ ಬೆಂಗಳೂರು ಕಡಿಯಾಂವ. ಅವನಿಗಿ ಏನೂ ತಿಳೀಲಿಲ್ಲ. 1948, ಜನವರಿ 1 ಅಂತ ಬರಕೊಂಡ.

ಆ ಹದಿಮೂರು ತಿಂಗಳು ಸುಮ್ಮನ ಕಳದಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್‌ಗ ಭಾರತದಾಗ ಸೇರೋದು ಬ್ಯಾಡಾಗಿತ್ತು. 1947ರ ನವೆಂಬರ್‌ದಾಗ ಒಂದು ವರ್ಷದ ಮಟ್ಟಿಗಿ ಇದ್ದದ್ದು ಇದ್ದಂಗ ಇರಲಿ ಅಂತ ಕರಾರು ಆಯ್ತು. ಅಷ್ಟ್ರಾಗ ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರ ಪಡೆ ಊರೂರಿಗಿ ಹಬ್ಬಿತ್ತು. ಬೀದರ್ ಜಿಲ್ಲಾದ ಗೋರ್ಟಾ ಊರಾಗ 1948ರ ಮೇ ತಿಂಗಳದಾಗ ಆದ ಕೊಲೆಗಳನ್ನ ಆ ಕಡಿ ಮಂದಿ ಇನ್ನಾ ಮರ್ತಿಲ್ಲ. ಎಷ್ಟೋ ಕುಟುಂಬ ಮಕ್ಕಳ್ನ ಬಗಲಾಗ ಹಾಕ್ಕೊಂಡು ಗಡಿ ದಾಟಿ ವಿಜಾಪುರ, ಸೊಲ್ಲಾಪುರ ಕಡಿ ಹೋದುವು. ಹೋಗಲಾರದವ್ರು ಇದ್ದಲ್ಲೇ ಉಳದ್ರು. ನಮ್ಮತ್ತಿ ಅವ್ವ ಹಗೇವಿನಾಗ ಜ್ವಾಳ ತುಂಬಿ, ಬಾಯಿ ಮುಚ್ಚಿ, ಸಗಣಿ ಸಾರ್ಸಿ, ಮ್ಯಾಲ ಕುಳ್ಳಿನ ಬಣವಿ ಒಟ್ಟಿದ್ರಂತ. ಬಂಗಾರ ಅಂತ ಇದ್ದದ್ದು ಒಂದು ತಾಳಿ. ಅದನ್ನ ಬಿಚ್ಚಿ ಅರಿಷಿಣ ಕೊಂಬು ಕಟ್ಟಿಕೊಂಡಿದ್ರಂತ.

ಎರಡನೇ ಮಾತು "ಪೊಲೀಸ್ ಆಕ್ಷನ್" ಅನ್ನೋದು. ಪೊಲೀಸರು ಬಂದು ಬಿಡಿಸಿದ್ರು ಅಂತ ನನ್ನ ಮಗಳು ತಿಳಕೊಂಡಿದ್ಳು. ಹೆಸರು ಹಂಗ ಇದ್ದ ಮ್ಯಾಲ ಪಾಪ ಕೂಸು ಏನ ತಿಳಕೋಬೇಕು? ಬಂದದ್ದು ಫೌಜು. ಅದರ ಹೆಸರು ಆಪರೇಷನ್ ಪೋಲೋ, ಮುಂದಾಳು ಮೇಜರ್ ಜನರಲ್ ಜೆ. ಎನ್. ಚೌಧುರಿ. ಸೆಪ್ಟೆಂಬರ್ 13ಕ್ಕ ಟ್ಯಾಂಕು, ವಿಮಾನದ ಸಮೇತ ಶುರು ಆಗಿ 17ಕ್ಕ ನಿಜಾಮ ಕದನ ನಿಲ್ಲಿಸಿದ. ಇದು ನಮ್ಮ ಮನಿಯೊಳಗಿನ ಮಾತು, ಬ್ಯಾರೆ ದೇಶದ ಮ್ಯಾಲ ಯುದ್ಧ ಅಲ್ಲ ಅಂತ ತೋರಸಾಕ ಸರಕಾರ ಪೊಲೀಸ್ ಅಂತ ಹೆಸರಿಟ್ಟಿತ್ತು. ಆಮ್ಯಾಲ ನಿಜಾಮ ಓಡಿಹೋದ ಅಂತನೂ ಎಷ್ಟೋ ಮಂದಿ ಹೇಳ್ತಾರ. ಎಲ್ಲಿ ಓಡಿದ? ಅದೇ ಸರಕಾರ ಅವನ್ನ 1950ರಿಂದ 1956ರ ತನಕ ಹೈದರಾಬಾದ್ ರಾಜ್ಯದ ರಾಜಪ್ರಮುಖ ಮಾಡಿ ಕುಂದ್ರಿಸಿತ್ತು.

ಮೂರನೇ ಮಾತು ಹೇಳಾಕ ಕಷ್ಟ. ಐದು ದಿನದಾಗ ಎಲ್ಲಾ ಮುಗೀತು, ಮಂದಿ ಸುಖದಿಂದ ಇದ್ರು ಅಂತ ಪಾಠ ಮುಗೀತದ. ಹತ್ತನೇತ್ತೆ ಪುಸ್ತಕದಾಗ ರಜಾಕಾರರು, ಸೈನ್ಯ, ವಿಲೀನ ಅಂತ ಒಂದು ಸಣ್ಣ ಭಾಗ. ಮುಂದ ಜುನಾಗಡ, ಕಾಶ್ಮೀರ. ಆದ್ರ ಆ ಐದು ದಿನ ಆದ ಮ್ಯಾಲ ಎಷ್ಟೋ ವಾರ, ರಜಾಕಾರರ ಹೆಸರಿನ ಮ್ಯಾಲ, ಏನೂ ಮಾಡಲಾರದ ಮುಸ್ಲಿಂ ಮನಿಗಳ ಮ್ಯಾಲ ಸೇಡು ಬಿತ್ತು. ಪಂಡಿತ ಸುಂದರಲಾಲ್ ಅವರ ಸಮಿತಿಯನ್ನ ಸರಕಾರನೇ ಕಳ್ಸಿತ್ತು. ಅವರು 1948ರ ಕೊನಿಗಿ ಹಳ್ಳಿ ಹಳ್ಳಿ ತಿರುಗಿ, ಕಮ್ಮಿ ಅಂದ್ರ 27 ಸಾವಿರದಿಂದ 40 ಸಾವಿರ ಮಂದಿ ಸತ್ತಾರ ಅಂತ ಬರದ್ರು. ಹೆಚ್ಚು ಅನಾಹುತ ಆದ ನಾಕು ಜಿಲ್ಲಾದಾಗ ಗುಲಬರ್ಗಾ, ಬೀದರ್ ಎರಡೂ ಇದ್ದುವು. ಅವಾಗ ನಮ್ಮ ಯಾದಗಿರಿ ಗುಲಬರ್ಗಾ ಜಿಲ್ಲಾದಾಗೇ ಇತ್ತು. ಆ ವರದಿ ಭಾಳ ವರ್ಷ ಮಂದಿ ಕೈಗಿ ಸಿಗಲಿಲ್ಲ.

ನಮ್ಮ ಬಾಜು ಮನಿ ಚಾಚಿ ಆ ವರ್ಷದ ಸುದ್ದಿ ಬಂತಂದ್ರ ಎದ್ದು ಒಳಗ ಹೋಗ್ತಾರ. ಒಂದು ಸಲ, ಹಪ್ಪಳ ಲಟ್ಟಿಸೂವಾಗ, ಅಷ್ಟೇ ಹೇಳಿದ್ರು: ಅವರ ಅವ್ವನ ತವರಿನಾಗ ಮೂರು ಮಂದಿ ಗಂಡಸರು ಹೊಲಕ್ಕ ಹೋದವ್ರು ತಿರುಗಿ ಬರಲಿಲ್ಲಂತ. ನಮ್ಮತ್ತಿ ಅಲ್ಲೇ ಕುಂತಿದ್ರು. ತಮ್ಮವ್ವನ ಹಗೇವಿನ ಸುದ್ದಿ ದಿನಾ ಹೇಳೋರು ಅವತ್ತ ಏನೂ ಹೇಳಲಿಲ್ಲ, ಚಾಚಿ ಮುಂದಿನ ಹಿಟ್ಟಿನ ಉಂಡಿ ತಮ್ಮ ಕಡಿ ಎಳಕೊಂಡು ತಾವೇ ಲಟ್ಟಿಸಿದ್ರು.

ಯಾರದು ಹೆಚ್ಚು, ಯಾರದು ಕಮ್ಮಿ ಅಂತ ತೂಗಾಕ ನಾ ಇದನ್ನ ಬರ್ಯಾಕತ್ತಿಲ್ಲ. ನನ್ನ ಮಗಳು, ಚಾಚಿ ಮೊಮ್ಮಗಳು ಇಬ್ರೂ ಒಂದೇ ಬೆಂಚಿನ ಮ್ಯಾಲ ಕುಂದರ್ತಾರ. ಸೆಪ್ಟೆಂಬರ್ 17 ಹತ್ರ ಬಂದಂಗ ವಾಟ್ಸಾಪಿನಾಗ ಎಂಥೆಂಥಾ ಸುದ್ದಿ ತಿರುಗ್ತಾವ ಅಂತ ನಿಮಗೂ ಗೊತ್ತದ. ಪುಸ್ತಕ ಅರ್ಧಾ ಹೇಳಿ ಬಿಟ್ರ ಉಳಿದರ್ಧಾ ಹುಡುಗ್ರು ಅಲ್ಲಿಂದ ಕಲೀತಾರ. ಆಮ್ಯಾಲ ಆ ಎರಡು ಪೋರಿಗಳು ಒಂದೇ ಬೆಂಚಿನಾಗ ಕುಂದ್ರೋದು ಹ್ಯಾಂಗ?

ಅದಕ್ಕ ನಾ ಮಗಳಿಗಿ ಪೂರಾ ಹೇಳೀನಿ. ಗೋರ್ಟಾದ್ದೂ ಹೇಳೀನಿ, ಸುಂದರಲಾಲ್ ವರದಿದೂ ಹೇಳೀನಿ. ಅದೇ ವರದಿಯಾಗ ಇನ್ನೊಂದು ಮಾತು ಅದ, ಅದನ್ನೂ ಹೇಳೀನಿ: ಎಷ್ಟೋ ಕಡಿ ಹಿಂದೂ ನೇಕಾರರು ತಮ್ಮ ಸಂಗಾಟ ಮಗ್ಗ ನಡಸೋ ಮುಸ್ಲಿಂ ನೇಕಾರರನ್ನ ಉಳಸಾಕ ತಮ್ಮ ಜೀವಾನೇ ಕೊಟ್ಟಾರ. "ಇದು ಪರೀಕ್ಷಾಕ್ಕ ಬರ್ತದೇನವ್ವಾ?" ಅಂದ್ಳು. ಬರಂಗಿಲ್ಲ ಅಂದೆ. ಪರೀಕ್ಷಾದಾಗ ಆಗಸ್ಟ್ 15 ಅಂತ ಬರಿ, ಮಾರ್ಕ್ಸ್ ಬಿಡಬ್ಯಾಡ. ಕೆಳಗ ಒಂದು ಸಾಲು, ನಮ್ಮ ಜಿಲ್ಲಾಕ್ಕ 1948ರ ಸೆಪ್ಟೆಂಬರ್ 17 ಅಂತನೂ ಬರಿ. ತಿದ್ದೋರಿಗಿ ತಿಳೀಲಿ.

ಹಳೇ ಸುದ್ದಿ ಬಿಡ್ರಿ ಅನ್ನೋರೂ ಅದಾರ. ಆದ್ರ ನಮ್ಮ ಹುಡುಗ್ರಿಗಿ ಸೀಟು, ನೌಕರಿ ಸಲುವಾಗಿ 371ಜೆ ಸರ್ಟಿಫಿಕೇಟಿಗಿ ಕಚೇರಿ ಮುಂದ ಪಾಳಿ ಹಚ್ಚೋರು ನಾವೇ ಅಲ್ಲೇನು? ನಿಜಾಮನ ಕಾಲಕ್ಕ ಸಾಲಿ, ರಸ್ತಾ, ದವಾಖಾನಿ ಎಲ್ಲಾದರಾಗೂ ಹಿಂದ ಬಿದ್ದು, 1956ಕ್ಕ ಮೈಸೂರು ರಾಜ್ಯಕ್ಕ ಸೇರಿದ ಮ್ಯಾಲೂ ಹಿಂದೇ ಉಳದೀವಿ ಅಂತಲೇ ಆ ಕಲಮು ಬಂದದ್ದು. 2019ಕ್ಕ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು.

ಅಕ್ಕಂದಿರೇ, ಆ ವರ್ಷ ಹತ್ತು ವಯಸ್ಸಿನವ್ರಿದ್ದವ್ರಿಗಿ ಈಗ ತೊಂಬತ್ತರ ಹತ್ರ ಆಗ್ಯಾವ. ನಿಮ್ಮ ಮನ್ಯಾಗ, ಓಣ್ಯಾಗ ಅಂಥಾ ಅವ್ವ, ನಾನಿ ಇದ್ರ, ಈ ದೀಪಾವಳಿ ಸೂಟಿಗಿ ಹುಡುಗ್ರನ್ನ ಅವರ ಮುಂದ ಕುಂದ್ರಿಸ್ರಿ. ಫೋನಿನಾಗ ರೆಕಾರ್ಡ್ ಮಾಡ್ಕೊಳ್ಳಿ. ಹೇಳಲಾರದವ್ರಿಗಿ ಜುಲುಮಿ ಮಾಡಬ್ಯಾಡ್ರಿ. ಚಾಚಿಗಿ ನಾನೂ ಮತ್ತ ಕೇಳಿಲ್ಲ.