ಠಾಣೆಯೊಳಗಿನ ಒಂದು ರಾತ್ರಿ

ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ನಮಗೆ ಹೊಡೆದಾಟದ ಚಿತ್ರಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಪೀಣ್ಯದ ನಮ್ಮ ಮನೆಯ ಹಿಂಗೋಣೆಯಲ್ಲಿ ಲೇತ್ ಯಂತ್ರದ ಕೆಲಸಗಾರ ಹುಡುಗನೊಬ್ಬನು ಬಾಡಿಗೆಗಿದ್ದಾನೆ. "ಒಂದು ಸಲ ಬನ್ನಿ ಮೇಷ್ಟ್ರೇ" ಎಂದು ಬಲವಂತಪಡಿಸಿ, ತಾನೇ ಟಿಕೆಟ್ಟು ತಂದು, ನಮ್ಮನ್ನು 'ಮ್ಯಾಕ್ಸ್' ಎಂಬ ಚಿತ್ರಕ್ಕೆ ಕರೆದೊಯ್ದನು. ವಿಜಯ್ ಕಾರ್ತಿಕೇಯರು ನಿರ್ದೇಶಿಸಿ, ಸುದೀಪರು ನಾಯಕರಾಗಿ ನಟಿಸಿದ ಈ ಚಿತ್ರವು ೨೦೨೪ನೆಯ ಡಿಸೆಂಬರ್ ೨೫ರಂದು ತೆರೆಗೆ ಬಂದಿತು. ನಾವು ನೋಡಿದುದು ಅದೇ ವಾರದಲ್ಲಿ.

ಕಥೆ ಒಂದೇ ರಾತ್ರಿಯದು. ಅಮಾನತು ಮುಗಿಸಿಕೊಂಡು ಮರುದಿನ ಅಧಿಕಾರ ವಹಿಸಬೇಕಾದ ಇನ್‌ಸ್ಪೆಕ್ಟರನು, ಕುಡಿದು ಪೋಲೀಸರೊಡನೆ ಅಸಭ್ಯವಾಗಿ ನಡೆದುಕೊಂಡ ಮಂತ್ರಿಪುತ್ರರಿಬ್ಬರನ್ನು ಹಿಡಿದು ಠಾಣೆಗೆ ಸೇರಿಸುತ್ತಾನೆ. ಅವರು ಅಲ್ಲಿಯೇ ಸಾಯುತ್ತಾರೆ. ಠಾಣೆಯ ಸಿಬ್ಬಂದಿಯ ಪ್ರಾಣ ಉಳಿಸುವುದಕ್ಕಾಗಿ ಆ ಸಾವುಗಳನ್ನು ಮುಚ್ಚಿಟ್ಟು, ಬಂದ ಗೂಂಡಾಗಳನ್ನೆಲ್ಲ ನಾಯಕನು ಬಡಿಯುತ್ತಾನೆ. ಕಥನದ ಬಿಗಿತವನ್ನು ಮೆಚ್ಚಲೇಬೇಕು. ಹೆದರಿದ ಪೇದೆಗಳ ಮುಖಗಳು ನಾಯಕನ ಮುಷ್ಟಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುತ್ತವೆ. ಸಂಗೀತದ ಅಬ್ಬರದ ಮಾತು ಬೇಡ. ನಮ್ಮ ಕಿವಿಗಳಿಗೆ ಎರಡು ದಿನ ನೆಮ್ಮದಿಯಿರಲಿಲ್ಲ.

ಯುದ್ಧಮರಣಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದಿಂದ ಸೂಚಿಸಬೇಕೆಂಬುದು ಭರತನ ಮತ. ಭಾಸನು 'ಊರುಭಂಗ'ದಲ್ಲಿ ಈ ಕಟ್ಟನ್ನು ಮೀರಿ ದುರ್ಯೋಧನನನ್ನು ರಂಗದ ಮೇಲೆಯೇ ಸಾಯಿಸಿದನು, ನಿಜ. ಆದರೆ ಸಾಯುವವನ ಬಳಿಗೆ ಅವನ ತಂದೆತಾಯಿಗಳನ್ನೂ ಎಳೆಯ ಮಗನನ್ನೂ ತಂದು ನಿಲ್ಲಿಸಿದನು. ಇಲ್ಲಿ ಬೀಳುವ ಗೂಂಡಾಗಳಿಗಾಗಿ ಅಳುವವರು ಯಾರೂ ಬರುವುದಿಲ್ಲ.

ಇಷ್ಟೆಲ್ಲ ಶಾಸ್ತ್ರ ಹೇಳುವ ನಮ್ಮ ಕೈಗಳೂ ಕತ್ತಲೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದುವು. ಅದನ್ನು ಮರೆಮಾಚಿ ವಿಮರ್ಶೆ ಬರೆಯುವುದು ನ್ಯಾಯವಲ್ಲ. ನಮಗೆ ನಾಚಿಕೆಯಾದುದು ಪಕ್ಕದಲ್ಲಿದ್ದ ಹುಡುಗನ ಕಡೆ ತಿರುಗಿದಾಗ.

ಅದಕ್ಕೆ ಎರಡು ವರ್ಷಗಳ ಹಿಂದೆ, ಕೆಲಸದ ಸ್ಥಳದಲ್ಲಿ ತಾಮ್ರದ ತಂತಿ ಕಳುವಾಯಿತೆಂದು ಇವನನ್ನು ಒಂದು ಠಾಣೆಗೆ ಕರೆದೊಯ್ದಿದ್ದರು. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ನಾವು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಬಂಧನದ ಪತ್ರಕ್ಕೆ ಮನೆಯವರೊಬ್ಬರಾಗಲಿ ಆ ಪ್ರದೇಶದ ಗೌರವಸ್ಥರೊಬ್ಬರಾಗಲಿ ಸಾಕ್ಷಿ ಹಾಕಬೇಕೆಂದು ಸುಪ್ರೀಂ ಕೋರ್ಟು ಡಿ. ಕೆ. ಬಸು ಮೊಕದ್ದಮೆಯಲ್ಲಿ ೧೯೯೬ರಷ್ಟು ಹಿಂದೆಯೇ ವಿಧಿಸಿದೆ. ಆ ರಾತ್ರಿ ಅಂತಹ ಕಾಗದವೊಂದೂ ನಮ್ಮ ಮುಂದೆ ಬರಲಿಲ್ಲ. ನಾವೂ ಕೇಳಲಿಲ್ಲ, ನಮಗೆ ಧೈರ್ಯ ಸಾಲಲಿಲ್ಲ. ಒಳಗಿನಿಂದ ಕೇಳಿಬಂದ ಶಬ್ದಗಳನ್ನು ಇಲ್ಲಿ ಬರೆಯಲಾರೆವು. ತಂತಿಯ ಸುರುಳಿ ಆಮೇಲೆ ಗೋದಾಮಿನಲ್ಲಿಯೇ ಸಿಕ್ಕಿತು. ಹುಡುಗನು ವಾರವೆಲ್ಲ ಗೋಡೆ ಹಿಡಿದು ನಡೆದನು.

ಚಿತ್ರದ ಲಾಕಪ್ಪಿನಲ್ಲಿ ಮಂತ್ರಿಪುತ್ರರನ್ನು ಕೂರಿಸಿದ ಜಾಣತನ ನಮಗೆ ಆಗ ಹೊಳೆಯಿತು. ಸತ್ತವರು ಅಂತಹವರಾದುದರಿಂದ ಸಾವನ್ನು ಮುಚ್ಚಿಡುವುದೂ ಪರಾಕ್ರಮವಾಗಿ ಕಂಡಿತು. ಲೇತ್ ಕೆಲಸದವನೊಬ್ಬನು ಅಲ್ಲಿ ಸತ್ತಿದ್ದರೆ ಅದೇ ಕೆಲಸಕ್ಕೆ ಅದೇ ಚಪ್ಪಾಳೆ ಬೀಳುತ್ತಿತ್ತೆ? ಪೋಲೀಸರ ವಶದಲ್ಲಿರುವಾಗ ಸಾವು ಸಂಭವಿಸಿದರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕೆನ್ನುವ ಕಾನೂನು, ಸತ್ತವನು ಯಾರ ಮಗನೆಂದು ಕೇಳುವುದಿಲ್ಲ.

ಹೊರಗೆ ಬಂದು ಕಾಫಿ ಕುಡಿಯುವಾಗ, "ನಿನಗೆ ಹೇಗೆನಿಸಿತಪ್ಪ?" ಎಂದೆವು.

"ಚೆನ್ನಾಗಿತ್ತು ಮೇಷ್ಟ್ರೇ. ಇಂಥ ಇನ್‌ಸ್ಪೆಕ್ಟರು ಆವತ್ತು ಇದ್ದಿದ್ದರೆ ನನ್ನನ್ನು ಬಿಟ್ಟುಬಿಡುತ್ತಿದ್ದರು" ಎಂದನು.

ನಾವು ಏನೂ ಹೇಳಲಿಲ್ಲ. ಕಾಫಿಯ ಹಣವನ್ನೂ ಅವನೇ ಕೊಟ್ಟನು.