ಹತ್ತೊಂಬತ್ತನೇ ಗೇಟು, ನನ್ನ ಬ್ಲೋವರ್

ನಮ್ಮೂರು ಮುನಿರಾಬಾದ್. ತುಂಗಭದ್ರಾ ಡ್ಯಾಂ ಅಂದ್ರೆ ಎಲ್ಲರೂ ಹೊಸಪೇಟೆ ಅಂತಾರೆ. ಎಡದಂಡೆಯವರಾದ ನಮಗೆ ಅದೊಂದು ಹಳೇ ಸಿಟ್ಟು. ಇರಲಿ.

2024ರ ಆಗಸ್ಟ್ 10, ಶನಿವಾರ ರಾತ್ರಿ ಸರಪಳಿ ತುಂಡಾಗಿ ಡ್ಯಾಂನ 19ನೇ ಗೇಟು ಕೊಚ್ಚಿಹೋಯ್ತು. ನಾನು ಬೆಂಗಳೂರಲ್ಲಿ ನೈಟ್ ಶಿಫ್ಟಲ್ಲಿದ್ದೆ. ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಪ್ಲಾನಿಂಗ್ ನನ್ನ ಕೆಲಸ. ಯಾವ ಮಷೀನು ಯಾವತ್ತು ನಿಲ್ಲಬೇಕು ಅಂತ ಪಟ್ಟಿ ಮಾಡೋದು. ಬೆಳಗ್ಗೆ ಅಪ್ಪನ ಫೋನು. ಗಂಗಾವತಿ ಕಡೆ ನಮ್ಮ ನಾಲ್ಕೆಕರೆ ಗದ್ದೆಯಲ್ಲಿ ಆಗಷ್ಟೇ ಭತ್ತದ ನಾಟಿ ಮುಗಿದಿತ್ತು.

"ಸರಪಳಿ ಸವದದ್ದು ಯಾರಿಗೂ ಕಾಣಲಿಲ್ಲೇನು? ನೀ ಅದ ಕೆಲಸ ಮಾಡ್ತಿ ಅಲ್ಲ, ಹೇಳು."

ಉತ್ತರ ಕೊಡೋಕೆ ಬಾಯಿ ಬರಲಿಲ್ಲ. ನಮ್ಮ ಬ್ಲೋವರಿನ ಬೇರಿಂಗ್ ಕಂಪನ ಮಾರ್ಚಲ್ಲಿ ಸೆಕೆಂಡಿಗೆ 2.6 ಮಿಲಿಮೀಟರ್ ಇದ್ದದ್ದು ಆಗಸ್ಟಿಗೆ 5.8 ಆಗಿತ್ತು. ತಿಂಗಳ ಕೊನೆಯ ಡಿಸ್ಪ್ಯಾಚ್ ಅಂತ ರಿಪೇರಿಯನ್ನ ಎರಡು ಸಲ ಮುಂದೂಡಿದ್ದೆವು. ಎರಡನೇ ಸಲದ ಸಹಿ ನನ್ನದೇ. ಹಿರಿಯ ಫಿಟ್ಟರೊಬ್ಬರು ಸ್ಕ್ರೂಡ್ರೈವರಿನ ತುದಿ ಬೇರಿಂಗಿಗಿಟ್ಟು, ಹಿಡಿಕೆಗೆ ಕಿವಿಕೊಟ್ಟು "ಅಳ್ತಾ ಇದೆ ಸಾರ್" ಅಂದಿದ್ದರು. ನಾನು ಕಂಪ್ಯೂಟರಲ್ಲಿ "ಮುಂದಿನ ಶಟ್‌ಡೌನ್" ಅಂತ ಹಾಕಿದ್ದೆ.

ಮಷೀನು ಒಂದೇ ಸಲ ಸಾಯೋದಿಲ್ಲ. ಬಹುತೇಕ ಬೇರಿಂಗ್ ಮೊದಲು ನಡುಗುತ್ತೆ, ಆಮೇಲೆ ಬಿಸಿಯಾಗುತ್ತೆ, ಕೂಗುತ್ತೆ, ಕೊನೆಗೆ ಹೊಗೆ. ಮೊದಲ ಸುಳಿವಿಗೂ ಮುರಿಯೋದಕ್ಕೂ ನಡುವಿನ ಅವಧಿಯಲ್ಲಿ ಕನಿಷ್ಠ ಎರಡು ಸಲ ತಪಾಸಣೆ ಆಗಬೇಕು, ಇಲ್ಲಾಂದ್ರೆ ಅಳತೆ ತೆಗೆದೂ ದಂಡ. ಡ್ಯಾಂ ಗೇಟಿನ ಕಷ್ಟ ಇನ್ನೂ ದೊಡ್ಡದು: ನೀರು ತುಂಬಿದಾಗಲೇ ಅದರ ಮೇಲೆ ಪೂರ್ತಿ ಭಾರ, ಆಗಲೇ ಅದನ್ನ ಬಿಚ್ಚಿ ನೋಡೋಕೆ ಆಗಲ್ಲ. ಬೇಸಿಗೆಯಲ್ಲಿ ನೋಡಬಹುದು, ಆಗ ಅದು ಅವಸರದ ಕೆಲಸ ಅಂತ ಅನಿಸಲ್ಲ.

ಒತ್ತಡ ತಗ್ಗಿಸೋಕೆ ಉಳಿದ ಗೇಟುಗಳನ್ನೂ ಎತ್ತಿ ನೀರು ನದಿಗೆ ಬಿಟ್ಟರು. ಒಂದು ವಾರದಲ್ಲಿ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ಆ ವಾರ ಅಪ್ಪ ಸರಿಯಾಗಿ ಮಲಗಲಿಲ್ಲ.

ನಾನು ಸೋಮವಾರ ಹಟ ಹಿಡಿದು ಬ್ಲೋವರ್ ನಿಲ್ಲಿಸಿದೆ. ಎಂಟು ತಾಸು ಉತ್ಪಾದನೆ ಹೋಯ್ತು, ಮ್ಯಾನೇಜರ್ ಎರಡು ದಿನ ಮಾತಾಡಿಸಲಿಲ್ಲ. ಬಿಚ್ಚಿದರೆ ಬೇರಿಂಗಿನ ಕೇಜ್ ಬಿರುಕು ಬಿಟ್ಟಿತ್ತು. ಫಿಟ್ಟರ್ ಏನೂ ಅನ್ನಲಿಲ್ಲ. ಬಟ್ಟೆಚೂರಲ್ಲಿ ಸುತ್ತಿ ನನ್ನ ಕೈಗಿಟ್ಟರು.

ಕತೆ ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. 1953ರಲ್ಲಿ ಮುಗಿದ ಡ್ಯಾಂ; ಎಲ್ಲಾ 33 ಗೇಟು ಬದಲಿಸಬೇಕಾಯ್ತು. 2025ರಲ್ಲಿ ನೀರಿನ ಸಂಗ್ರಹ 80 ಟಿಎಂಸಿಗೆ ಮಿತಿ, ಆಮೇಲೆ ಎರಡನೇ ಬೆಳೆಗೆ ನೀರೇ ಇಲ್ಲ.

"ಇದೂ ನಿಮ್ಮ ಶಟ್‌ಡೌನ್ ಏನಪಾ?" ಅಂದರು ಅಪ್ಪ.

ಹೌದು, ಇದೂ ಅದೇ. ಗೇಟು ಬದಲಿಸಲೇಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಎಂಟು ತಾಸಿಗೆ ಕಾರ್ಖಾನೆಯಲ್ಲಿ ಅಷ್ಟು ಜಗಳ ಆಡ್ತೀವಿ, ಇಲ್ಲಿ ಪೂರಾ ಒಂದು ಬೆಳೆ. ಮುಂದೂಡಿದ ಸಹಿ ಯಾರದೋ, ಖಾಲಿ ಗದ್ದೆ ಅಪ್ಪನದು.

ಆಗಿನಿಂದ ಮನೆಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕಳಿಸ್ತೀನಿ. ಅಪ್ಪ ಅದನ್ನ ಡೈರಿಯಲ್ಲಿ ಸಾಲ ಅಂತ ಬರೆದಿಡ್ತಾರಂತೆ. ಅವ್ವ ಹೇಳಿದಳು.